ಗುಡ್ಡ ಕಡಿಯುವ ಮೊದಲು ಬ್ರೇಕು ನೋಡಿ

ಘಟ್ಟದ ರಸ್ತೆಯಲ್ಲಿ ಒಂದು ವಾಹನ ಕಂದಕಕ್ಕೆ ಉರುಳಿದ ಮರುದಿನ ಏನೇನು ನಡೆಯುತ್ತದೆ ಎಂಬುದು ಮಲೆನಾಡಿನವರಿಗೆ ಬಾಯಿಪಾಠವಾಗಿದೆ. ಜನಪ್ರತಿನಿಧಿಗಳು ಸ್ಥಳಕ್ಕೆ ಧಾವಿಸುತ್ತಾರೆ. ತಿರುವು ಕಡಿದಾಗಿದೆ, ರಸ್ತೆ ಕಿರಿದಾಗಿದೆ, ಕೂಡಲೇ ಅಗಲೀಕರಣವಾಗಬೇಕು ಎಂಬ ಹೇಳಿಕೆ ಹೊರಬೀಳುತ್ತದೆ. ಅರಣ್ಯ ಇಲಾಖೆಯ ಅನುಮತಿ ದೊರೆಯದಿರುವುದೇ ಈ ಸಾವುಗಳಿಗೆ ಕಾರಣವೆಂದು ಇನ್ನಾರೋ ಸೇರಿಸುತ್ತಾರೆ. ಪರಿಸರವಾದಿಗಳ ಮೇಲೂ ಒಂದು ಕಲ್ಲು ಬೀಳುತ್ತದೆ. ಉರುಳಿದ ವಾಹನದ ಬಗ್ಗೆ ಪತ್ರಿಕೆಯಲ್ಲಿ ಬರುವುದು ಎರಡೇ ಶಬ್ದ: ‘ಬ್ರೇಕ್ ವೈಫಲ್ಯ’. ಸಿಡಿಲು ಬಡಿಯಿತು, ನೆರೆ ಬಂತು ಎಂಬಷ್ಟೇ ಸಹಜವಾಗಿ, ದೈವಾಧೀನವೆಂಬಂತೆ ಆ ಎರಡು ಶಬ್ದಗಳನ್ನು ಬರೆದು ಮುಗಿಸಲಾಗುತ್ತದೆ.

ಬ್ರೇಕು ಹಾಗೆ ದೈವಾಧೀನವಾಗಿ ಕೈಕೊಡುವುದು ಅಪರೂಪ. ಅದು ಕೈಕೊಡುವಂತೆ ಮಾಡುವ ಕೆಲಸ ಘಟ್ಟಕ್ಕೆ ನೂರಾರು ಕಿಲೋಮೀಟರ್ ದೂರದಲ್ಲಿ, ವಾಹನದ ಮೇಲೆ ಭಾರ ಹೇರುವ ಅಂಗಳದಲ್ಲಿ, ಬಾಡಿ ಕಟ್ಟುವ ಶೆಡ್ಡಿನಲ್ಲಿ, ಎರಡು ವರ್ಷ ಬ್ರೇಕ್ ಆಯಿಲ್ ಬದಲಿಸದ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಮೊದಲೇ ಮುಗಿದಿರುತ್ತದೆ. ಘಟ್ಟವು ಅದನ್ನು ಬಯಲಿಗೆಳೆಯುತ್ತದೆ, ಅಷ್ಟೆ. ಹಾಗಿದ್ದೂ ಶಿಕ್ಷೆ ಮಾತ್ರ ಘಟ್ಟಕ್ಕೆ. ವಾಹನ ಸರಿಯಿಲ್ಲವೆಂದು ಗುಡ್ಡವನ್ನು ಕಡಿಯುವ ಈ ವಿಚಿತ್ರ ನ್ಯಾಯವನ್ನು ಪ್ರಶ್ನಿಸುವುದೇ ಈ ಬರಹದ ಉದ್ದೇಶ.

ಮೊದಲಿಗೆ ಒಂದು ಸರಳ ಲೆಕ್ಕ. ಘಟ್ಟ ಇಳಿಯುವುದೆಂದರೆ 500 ಮೀಟರ್ ಎತ್ತರವನ್ನು ಇಳಿಯುವುದು ಎಂದಿಟ್ಟುಕೊಳ್ಳೋಣ. ನಾಲ್ಕೂವರೆ ಟನ್ ತೂಕದ ವಾಹನವೊಂದು ಅಷ್ಟು ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ 70 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ನಮ್ಮ ಬಚ್ಚಲುಮನೆಯ ದೊಡ್ಡ ಹಂಡೆಯೊಂದನ್ನು ನೆನಪಿಸಿಕೊಳ್ಳಿ. ಅದರ ಕೆಳಗೆ ಉರಿಸುವ ಸೌದೆಯನ್ನೂ ನೆನಪಿಸಿಕೊಳ್ಳಿ. 16 ಟನ್ ಲಾರಿಯಾದರೆ ಇದೇ ಇಳಿಜಾರಿನಲ್ಲಿ 250 ಲೀಟರ್ ನೀರು ಕುದಿಯುತ್ತದೆ. ಈ ಶಾಖದಲ್ಲಿ ಸ್ವಲ್ಪ ಭಾಗವನ್ನು ಗಾಳಿಯ ತಡೆ, ಟೈರಿನ ಉಜ್ಜಾಟ ತಿನ್ನುತ್ತವೆ. ಸರಿಯಾದ ಗೇರಿನಲ್ಲಿ ಇಳಿದರೆ ಎಂಜಿನ್ನು ದೊಡ್ಡ ಪಾಲನ್ನು ಹೊರುತ್ತದೆ. ಉಳಿದದ್ದೆಲ್ಲ ಚಕ್ರದೊಳಗಿನ ಡ್ರಮ್ಮು, ಡಿಸ್ಕುಗಳಲ್ಲಿಯೇ ಇಂಗಬೇಕು. ಮೇಲಿನ ವಾಹನದ ನಾಲ್ಕೂ ಚಕ್ರಗಳ ಡ್ರಮ್ಮು ಡಿಸ್ಕುಗಳು ಒಟ್ಟು 60 ಕಿಲೋ ಎರಕದ ಕಬ್ಬಿಣವೆಂದು ಭಾವಿಸಿದರೆ, ಗೇರು ಕಡಿಮೆ ಮಾಡದೆ ಬ್ರೇಕನ್ನೇ ನಂಬಿ ಇಳಿದಾಗ, ಗಾಳಿ ಒಂದಿಷ್ಟೂ ತಣಿಸಲಿಲ್ಲವೆಂದಾದಲ್ಲಿ, ಅವು 700 ಡಿಗ್ರಿ ಮೀರಿ ಕಾಯಬೇಕಾಗುತ್ತದೆ. ವಾಸ್ತವದಲ್ಲಿ ಗಾಳಿ ತಣಿಸುತ್ತದೆ, ಆದ್ದರಿಂದಲೇ ಬಹುಪಾಲು ವಾಹನಗಳು ಕೆಳಗೆ ತಲುಪುತ್ತವೆ. ಆದರೆ ಎಷ್ಟು ಅಂಚಿನಲ್ಲಿ ತಲುಪುತ್ತವೆ ಎಂಬುದನ್ನು ಈ ಲೆಕ್ಕ ಹೇಳುತ್ತದೆ.

ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಬಹುದು. ಬಯಲುಸೀಮೆಯ ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲುವವರೆಗೆ ಬ್ರೇಕು ಒತ್ತಿದಾಗ ಎಷ್ಟು ಶಾಖ ಹುಟ್ಟುತ್ತದೆಯೋ, 500 ಮೀಟರ್ ಇಳಿಯುವಾಗ ಅದರ 35 ಪಟ್ಟು ಹುಟ್ಟುತ್ತದೆ. ಯಾರಾದರೂ ಪೇಟೆಯ ರಸ್ತೆಯಲ್ಲಿ ಅರ್ಧ ಗಂಟೆಯೊಳಗೆ 35 ಬಾರಿ ಹಾಗೆ ನಿಲ್ಲಿಸಿ ಓಡಿಸುವುದುಂಟೆ? ಹಾಗಾಗಿ ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ‘ಬ್ರೇಕು ಚೆನ್ನಾಗಿದೆ’ ಎಂದು ಪರೀಕ್ಷಿಸಿಕೊಂಡ ವಾಹನವು ಘಟ್ಟಕ್ಕೆ ಸಿದ್ಧವಾಗಿದೆ ಎಂದೇನೂ ಅರ್ಥವಲ್ಲ.

ಕಾದ ಬ್ರೇಕಿಗೆ ಏನಾಗುತ್ತದೆ? ಲೈನಿಂಗಿನ ಅಂಟು ಸುಟ್ಟು ಅನಿಲ ಹೊಮ್ಮಿ, ಉಜ್ಜುವ ಮೇಲ್ಮೈಯ ಹಿಡಿತ ತಗ್ಗುತ್ತದೆ. ಡ್ರಮ್ಮು ಶಾಖಕ್ಕೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಇನ್ನಷ್ಟು ಕೆಳಗಿಳಿಯಬೇಕು. ದ್ರವದ ಬ್ರೇಕಾದರೆ ಅದಕ್ಕಿಂತ ಭಯಂಕರವಾದದ್ದು ಮತ್ತೊಂದಿದೆ. ಗ್ಯಾರೇಜಿನಲ್ಲಿ ‘ಬ್ರೇಕ್ ಆಯಿಲ್’ ಎಂದು ಕರೆಯುವ ದ್ರವವು ಎಣ್ಣೆಯಲ್ಲ. ಅದು ಗಾಳಿಯ ತೇವವನ್ನು ಹೀರುವ ರಾಸಾಯನಿಕ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿಕೊಂಡ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155, ಡಾಟ್ 5.1ರಲ್ಲಿ 260 ಮತ್ತು 180. ಕೊಳವೆಯೊಳಗೆ ದ್ರವ ಕುದಿದು ಆವಿಯಾದರೆ, ಪೆಡಲು ಒತ್ತಿದಾಗ ಒತ್ತಡ ಚಕ್ರಕ್ಕೆ ಹೋಗುವುದಿಲ್ಲ, ಆವಿಯನ್ನು ಕುಗ್ಗಿಸಿ ಮುಗಿಯುತ್ತದೆ. ಕಾಲಿನಡಿ ಪೆಡಲು ಹತ್ತಿಯಂತೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ. ಅಪಘಾತದ ನಂತರ ಪರಿಶೀಲಿಸಲು ಬಂದವರಿಗೆ ಬ್ರೇಕು ಸರಿಯಾಗಿಯೇ ಕಾಣಿಸಬಹುದು; ಆಗ ತಪ್ಪು ಚಾಲಕನದು, ಅಥವಾ ತಿರುವಿನದು!

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಆಗುಂಬೆಯಂಥ ಊರುಗಳ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಇಲ್ಲಿ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದೆ ಓಡಿಸುವುದು, ಸೋರುವ ಸೂರಿನಡಿ ಬೆಂಕಿಪೊಟ್ಟಣವಿಟ್ಟು ಅದು ಹತ್ತುತ್ತದೆಂದು ನಂಬಿದಂತೆ. ಇದರ ಖರ್ಚು ಪ್ರವಾಸದಲ್ಲಿ ಒಂದು ರಾತ್ರಿ ತಂಗುವ ಕೋಣೆಯ ಬಾಡಿಗೆಯಷ್ಟೂ ಆಗಲಾರದು.

ಈ ಮಾತು ಈಗ ಏಕೆ ಮುಖ್ಯವೆಂದರೆ, ಘಟ್ಟಕ್ಕೆ ಹೊಸಬಗೆಯ ಭಾರವೊಂದು ಬರತೊಡಗಿದೆ. ಗಾಲಿಯ ಮೇಲಿನ ಮನೆ, ಅಂದರೆ ಕ್ಯಾಂಪರ್ ವ್ಯಾನು ಅಥವಾ ಕ್ಯಾರವಾನು. ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿಯನ್ನು ಘೋಷಿಸಿ ವಾಗಮಣ್‌ನಲ್ಲಿ ಅದಕ್ಕೆಂದೇ ತಂಗುದಾಣವನ್ನು ತೆರೆಯಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯೂ ಇದಕ್ಕೆ ಪ್ರೋತ್ಸಾಹದ ಮಾತನಾಡಿದೆ. ಹೋಟೆಲು ರೆಸಾರ್ಟುಗಳಿಗಾಗಿ ಕಾಡಿನಂಚು ಕಡಿಯುವುದಕ್ಕಿಂತ ಚಕ್ರದ ಮೇಲಿನ ಮನೆ ಮೇಲು ಎಂದು ನಮ್ಮಲ್ಲಿಯೇ ಕೆಲವು ಗೆಳೆಯರು ವಾದಿಸುತ್ತಾರೆ. ಆ ವಾದದಲ್ಲಿ ಅಲ್ಪಸ್ವಲ್ಪ ಹುರುಳಿದೆ. ಅದರ ಕೊಳಚೆ ನೀರು ಯಾವ ಹಳ್ಳಕ್ಕೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಇನ್ನೊಂದು ಸಂಚಿಕೆಗೆ ಉಳಿಸಿಕೊಂಡು, ಇಲ್ಲಿ ಅದರ ತೂಕವನ್ನಷ್ಟೇ ನೋಡೋಣ.

ಇಂಥ ವ್ಯಾನುಗಳಲ್ಲಿ ಅನೇಕವು ಮೂಲತಃ ಜನರನ್ನು ಕೂರಿಸಿಕೊಂಡು ಹೋಗಲೆಂದು ಮಾಡಿದ ಟೆಂಪೊ ಟ್ರಾವಲರ್ ಮಾದರಿಯ ಚಾಸಿಯ ಮೇಲೆ ಕಟ್ಟಿದವು. ಆಸನ ಕಿತ್ತು ಪ್ಲೈವುಡ್ಡಿನ ಮಂಚ, ಕಪಾಟು ಕೂರಿಸುತ್ತಾರೆ. ನೂರೈವತ್ತು ಲೀಟರಿನ ನೀರಿನ ಟ್ಯಾಂಕೆಂದರೆ ನೂರೈವತ್ತು ಕಿಲೋ. ಬಳಸಿದ ನೀರಿಗೆ ಇನ್ನೊಂದು ಟ್ಯಾಂಕು. ಬ್ಯಾಟರಿಗಳ ಸಾಲು, ಇನ್ವರ್ಟರು, ಫ್ರಿಜ್ಜು, ಛಾವಣಿಯ ಮೇಲೆ ಎ.ಸಿ., ಸೌರಫಲಕ, ಗ್ಯಾಸಿನ ಸಿಲಿಂಡರು, ಶೌಚದ ಪೆಟ್ಟಿಗೆ, ಹಿಂದೆ ಎರಡು ಸೈಕಲ್ಲು. ಆಮೇಲೆ ಆರು ಜನ, ಅವರ ಸಾಮಾನು. ಇವೆಲ್ಲದರ ಮೊತ್ತವನ್ನು ಒಮ್ಮೆಯಾದರೂ ವೇಬ್ರಿಜ್ಜಿನ ಮೇಲೆ ನಿಲ್ಲಿಸಿ ತೂಗಿದವರೆಷ್ಟು ಮಂದಿ? ಅಡಿಕೆ ಮಂಡಿಗೆ ಹೋಗುವ ಪ್ರತಿ ಮೂಟೆಗೂ ತೂಕದ ಚೀಟಿ ಇರುತ್ತದೆ. ಮನುಷ್ಯರನ್ನು ಹೊತ್ತು ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವ ಮನೆಗೆ ಇಲ್ಲ.

ಇನ್ನು ಇದರಲ್ಲೊಂದು ಸೂಕ್ಷ್ಮವಿದೆ; ಬಾಡಿ ಕಟ್ಟುವವರಲ್ಲಿ ಎಷ್ಟೋ ಮಂದಿಗೆ ಇದರ ಪರಿವೆಯೇ ಇದ್ದಂತಿಲ್ಲ. ಇಂಥ ಎಷ್ಟೋ ವಾಹನಗಳಲ್ಲಿ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕು ಒತ್ತಡ ಹೋಗಬೇಕೆಂಬುದನ್ನು ನಿರ್ಧರಿಸಲು ಹಿಂದಿನ ಆಕ್ಸಲ್ಲಿಗೆ ಸಲಾಕೆಯಿಂದ ಜೋಡಿಸಿದ ಒಂದು ವಾಲ್ವು ಇರುತ್ತದೆ. ಭಾರ ಹೆಚ್ಚಿ ವಾಹನದ ಹಿಂಭಾಗ ತಗ್ಗಿದರೆ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹಗುರವಾಗಿ ಎದ್ದರೆ ಕಡಿಮೆ ಮಾಡುತ್ತದೆ. ಕ್ಯಾಂಪರು ಕಟ್ಟುವಾಗ ಭಾರಕ್ಕೆ ಕುಸಿಯದಿರಲೆಂದು ಪಟ್ಟಿಗೆ ಇನ್ನೆರಡು ಎಲೆ ಸೇರಿಸುತ್ತಾರೆ, ಇಲ್ಲವೇ ಗಾಳಿಚೀಲ ಹಾಕುತ್ತಾರೆ. ಆಗ ತುಂಬಿದ ವಾಹನವೂ ಎದ್ದೇ ನಿಲ್ಲುತ್ತದೆ. ವಾಲ್ವು ಪಾಪ, ವಾಹನ ಖಾಲಿಯಿದೆ ಎಂದುಕೊಂಡು ಹಿಂದಿನ ಬ್ರೇಕನ್ನು ಸಡಿಲಿಸುತ್ತದೆ! ಭಾರವೆಲ್ಲ ಮುಂದಿನ ಎರಡು ಚಕ್ರಗಳ ಬ್ರೇಕಿನ ಮೇಲೆ ಬೀಳುತ್ತದೆ, ಅವು ಮೊದಲು ಸುಡುತ್ತವೆ. ಪಟ್ಟಿ ಬಲಪಡಿಸಿದವರು ಆ ಸಲಾಕೆಯನ್ನೂ ಹೊಂದಿಸಬೇಕೆಂಬ ಈ ಒಂದು ಸಂಗತಿಯನ್ನು ನಮ್ಮ ತಾಲ್ಲೂಕು ಕೇಂದ್ರಗಳ ಗ್ಯಾರೇಜು ಮೇಸ್ತ್ರಿಗಳಿಗೆ ಮುಟ್ಟಿಸಿದರೂ ಈ ಬರಹ ಸಾರ್ಥಕ. ದೊಡ್ಡ ವ್ಯಾಸದ ಟೈರು ಹಾಕುವವರೂ ತಿಳಿದಿರಬೇಕು: ಚಕ್ರ ದೊಡ್ಡದಾದಷ್ಟೂ ಅದೇ ಬ್ರೇಕಿನ ಹಿಡಿತ ನೆಲದಲ್ಲಿ ಕಡಿಮೆಯಾಗುತ್ತದೆ.

ಹಾಗಾದರೆ ಬ್ರೇಕನ್ನು ಮೇಲ್ದರ್ಜೆಗೇರಿಸಲು ಬರುವುದಿಲ್ಲವೆ? ಬರುತ್ತದೆ. ಗಾಳಿ ಹಾಯುವ ದಪ್ಪ ಡಿಸ್ಕು, ಹೆಚ್ಚು ಶಾಖ ತಡೆಯುವ ಪ್ಯಾಡು, ಹಿಗ್ಗದ ಹೊದಿಕೆಯ ಹೋಸು, ತಯಾರಕರು ಒಪ್ಪುವುದಾದರೆ ಮೇಲಿನ ದರ್ಜೆಯ ದ್ರವ, ಎಲ್ಲಕ್ಕಿಂತ ಮೇಲಾಗಿ ಚಕ್ರದ ಬ್ರೇಕನ್ನು ಮುಟ್ಟದೆಯೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕು ಅಥವಾ ರಿಟಾರ್ಡರು. ಕೊನೆಯದನ್ನು ನಾವು ಒತ್ತಿ ಹೇಳುತ್ತೇವೆ. ಪ್ಯಾಡು ಎಷ್ಟೇ ಒಳ್ಳೆಯದಿರಲಿ, ಡಿಸ್ಕಿನ ಕಬ್ಬಿಣ ಅಷ್ಟೇ ಇದ್ದರೆ ಶಾಖವನ್ನು ಸ್ವಲ್ಪ ಹೊತ್ತು ಮುಂದೂಡಬಹುದೇ ಹೊರತು ತಪ್ಪಿಸಲಾಗದು. ಸಿಲಿಕೋನಿನಿಂದ ಮಾಡಿದ ಡಾಟ್ 5ನ್ನು ಹೆಸರಿನ ಹೋಲಿಕೆಯಿಂದ ಮೋಸಹೋಗಿ ಡಾಟ್ 4ರ ಜೊತೆ ಬೆರೆಸುವವರೂ ಇದ್ದಾರೆ, ಅವೆರಡೂ ಬೆರೆಯವು. ಇನ್ನೊಂದು ಮುಖ್ಯ ಮಾತು: ಮನಬಂದಂತೆ ವಾಹನ ಮಾರ್ಪಡಿಸಲು ಕಾನೂನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಡಿ ತಯಾರಕರ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಒಂದು ಟನ್ ಭಾರವನ್ನು ಸದ್ದಿಲ್ಲದೆ ಸೇರಿಸುವವರು, ಬ್ರೇಕಿನ ವಿಷಯ ಬಂದಾಗ ಮಾತ್ರ ‘ಕಾನೂನು ಬಿಡುವುದಿಲ್ಲ ಸ್ವಾಮಿ’ ಎನ್ನುವುದು ತಮಾಷೆಯಾಗಿದೆ. ಬ್ರೇಕು ಏರಿಸಲಾಗದಿದ್ದರೆ ಭಾರ ಇಳಿಸಿ. ಮೇಲಿನಿಂದ ಕೆಳಗೆ ನೀರಿನ ಟ್ಯಾಂಕು ತುಂಬಿಕೊಂಡು ಹೋಗುವ ಅಗತ್ಯವಾದರೂ ಏನಿದೆ? ಕರಾವಳಿಯಲ್ಲಿಯೂ ನೀರಿದೆ.

ಕ್ಯಾಂಪರುಗಳಿಗೆ ಇನ್ನೊಂದು ಶಾಪವಿದೆ: ಅವು ವರ್ಷದ ಬಹುಭಾಗ ನಿಂತೇ ಇರುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯಲ್ಲಿ ನಿಂತ ವಾಹನದ ಡ್ರಮ್ಮಿಗೆ ತುಕ್ಕು ಹಿಡಿಯುತ್ತದೆ, ಕ್ಯಾಲಿಪರಿನ ಪಿಸ್ಟನ್ನು ಅಂಟಿಕೊಳ್ಳುತ್ತದೆ, ವೀಲ್ ಸಿಲಿಂಡರಿನ ರಬ್ಬರು ಒಣಗಿ ಸೋರುತ್ತದೆ. ದಸರಾ ರಜೆಗೆ ಟೈರಿಗೆ ಗಾಳಿ ತುಂಬಿ, ಗಾಜು ಒರೆಸಿ, ನೇರವಾಗಿ ಘಟ್ಟಕ್ಕೆ ಹೊರಡುತ್ತಾರೆ. ದಿನವೂ ಘಾಟಿ ಹತ್ತಿಳಿಯುವ ಹಳೆಯ ಬಸ್ಸಿನ ಬ್ರೇಕು ಇಂಥ ಹೊಳೆಯುವ ವಾಹನದ ಬ್ರೇಕಿಗಿಂತ ಎಷ್ಟೋ ನಂಬಿಕೆಗೆ ಅರ್ಹ.

ಪ್ರವಾಸಿಗರನ್ನಷ್ಟೇ ದೂರಿದರೆ ಅನ್ಯಾಯವಾದೀತು. ಅವರಿಗಿಂತ ಬಹಳ ಮೊದಲೇ ಘಟ್ಟದ ಮೇಲೆ ಭಾರ ಹೇರಿದವರು ಬೇರೆಯೇ ಇದ್ದಾರೆ. 2000ದ ದಶಕದಲ್ಲಿ ಬಳ್ಳಾರಿ–ಹೊಸಪೇಟೆಯ ಅದಿರು ಅರಬೈಲು ಘಟ್ಟವಿಳಿದು ಬೇಲೆಕೇರಿ, ಕಾರವಾರಗಳಿಗೆ ಹೋಗುತ್ತಿದ್ದಾಗ ಯಲ್ಲಾಪುರ, ಅಂಕೋಲೆಯ ಜನ ಅನುಭವಿಸಿದ್ದನ್ನು ಇಲ್ಲಿ ವಿವರಿಸಬೇಕಿಲ್ಲ. ಮಿತಿಮೀರಿದ ಭಾರದ ಲಾರಿಯಿಂದ ದಂಡ ವಸೂಲು ಮಾಡಿ ಹಾಗೆಯೇ ಮುಂದಕ್ಕೆ ಬಿಡುವಂತಿಲ್ಲ, ಹೆಚ್ಚುವರಿ ಮಾಲನ್ನು ಅಲ್ಲಿಯೇ ಇಳಿಸಬೇಕು ಎಂದು ಸುಪ್ರೀಂ ಕೋರ್ಟು 2005ರ ನವೆಂಬರಿನಲ್ಲಿಯೇ ಹೇಳಿತ್ತು. ಅದಾದ ಮೇಲೂ ಅದಿರಿನ ಲಾರಿಗಳು ಹೇಗೆ ಹರಿದವೆಂಬುದಕ್ಕೆ 2011ರ ಲೋಕಾಯುಕ್ತ ವರದಿಯೇ ಸಾಕ್ಷಿ. 2018ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ಮೂರು ಆಕ್ಸಲ್ಲಿನ ಲಾರಿಗೆ 25 ಟನ್ ಇದ್ದದ್ದು 28.5 ಟನ್ ಆಯಿತು. ಸಾಗಾಣಿಕೆ ಅಗ್ಗವಾಗುತ್ತದೆಂದು ಉದ್ಯಮಿಗಳು ಹರ್ಷಪಟ್ಟರು. ನಮ್ಮ 500 ಮೀಟರಿನ ಘಟ್ಟದಲ್ಲಿ ಆ ಮೂರೂವರೆ ಟನ್ನೆಂದರೆ ಪ್ರತಿ ಲಾರಿಯ ಬ್ರೇಕಿನಡಿ ಇನ್ನೊಂದು ಹಂಡೆ ನೀರು ಕಾಯಿಸಿದಂತೆ. ಅಧಿಸೂಚನೆ ಹೊರಡಿಸಿದವರು ಘಟ್ಟಗಳಿಗೊಂದು ಪ್ರತ್ಯೇಕ ಮಿತಿಯನ್ನು ಯೋಚಿಸಬಹುದಿತ್ತು. ಯೋಚಿಸಲಿಲ್ಲ.

ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಯುವ ಚಾಳಿಯದು ಬೇರೆಯೇ ಕಥೆ. ಪುಣೆಯ ನವಲೆ ಸೇತುವೆಯ ಬಳಿ 2022ರ ನವೆಂಬರ್ 20ರಂದು ಲಾರಿಯೊಂದು ಹತ್ತಾರು ವಾಹನಗಳನ್ನು ಅಪ್ಪಳಿಸಿತು. ಮೊದಲಿಗೆ ‘ಬ್ರೇಕ್ ವೈಫಲ್ಯ’ ಎಂದೇ ಸುದ್ದಿಯಾಯಿತು. ಬ್ರೇಕು ಕೆಟ್ಟಿರಲಿಲ್ಲ, ಇಳಿಜಾರಿನಲ್ಲಿ ಎಂಜಿನ್ನನ್ನೇ ಆಫ್ ಮಾಡಲಾಗಿತ್ತು ಎಂದು ಆಮೇಲೆ ಪೊಲೀಸರು ತಿಳಿಸಿದರು. ಎಂಜಿನ್ನು ನಿಂತರೆ ಗಾಳಿ ತುಂಬುವ ಕಂಪ್ರೆಸರೂ ನಿಲ್ಲುತ್ತದೆ. ನಾಲ್ಕಾರು ಬಾರಿ ಪೆಡಲು ತುಳಿದರೆ ಟ್ಯಾಂಕಿನ ಗಾಳಿ ಮುಗಿಯುತ್ತದೆ. ಸಣ್ಣ ವಾಹನಗಳಲ್ಲಿ ಬೂಸ್ಟರಿನ ನೆರವು ತಪ್ಪಿ ಪೆಡಲು ಕಲ್ಲಾಗುತ್ತದೆ. ಹತ್ತುವ ಗೇರಿನಲ್ಲಿಯೇ ಇಳಿಯಬೇಕು ಎಂಬ ಹಳೆಯ ಚಾಲಕರ ನಿಯಮ ಇಂದಿಗೂ ಯಾವ ಯಂತ್ರಕ್ಕಿಂತ ಕಡಿಮೆಯದಲ್ಲ. ಭಾರಿ ವಾಹನಗಳಲ್ಲಿ 2015ರಿಂದ ಕಡ್ಡಾಯವಾದ ಎ.ಬಿ.ಎಸ್. ಚಕ್ರ ಜಾರದಂತೆ ತಡೆಯುತ್ತದೆ, ನಿಜ. ಸುಟ್ಟ ಲೈನಿಂಗಿಗೆ ಅದು ಏನನ್ನೂ ಮಾಡಲಾರದು.

ಹಾಗೆಂದು ಚಾಲಕನನ್ನು ಗಲ್ಲಿಗೇರಿಸಿ ಕೈತೊಳೆದುಕೊಳ್ಳುವವರ ಸಾಲಿಗೂ ನಾವು ಸೇರುವುದಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ, ಉಳಿಸಿದ ಡೀಸೆಲ್ಲಿನಲ್ಲಿ ಪಾಲು, ತಡವಾದರೆ ಕಡಿತ. ಹೀಗಿರುವಾಗ ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿಯುವ ಚಾಲಕ ತನ್ನ ಮಕ್ಕಳ ಅನ್ನವನ್ನೇ ಕಡಿಮೆ ಮಾಡಿಕೊಳ್ಳುತ್ತಾನೆ. ದಿನಕ್ಕೆ 8 ಗಂಟೆಯ ದುಡಿಮೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಅದನ್ನು ಓದಿದ ಮಾಲೀಕರು ಎಷ್ಟಿದ್ದಾರೋ! ಹೆಚ್ಚುವರಿ ಭಾರಕ್ಕೆ 2019ರ ತಿದ್ದುಪಡಿಯಂತೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಅದು ಅನ್ವಯಿಸುತ್ತದೆ. ಮಾಲು ಹೇರಿ ಕಳಿಸಿದ ಕಾರ್ಖಾನೆಯ ಬಾಗಿಲಿಗೆ ಆ ಚೀಟಿ ಹೋದದ್ದನ್ನು ಕಂಡವರಿದ್ದರೆ ಈ ಪತ್ರಿಕೆಗೆ ಬರೆಯಿರಿ.

ಈಗ ಗುಡ್ಡದ ಮಾತಿಗೆ ಬರೋಣ. ಶಿರಾಡಿ ಘಾಟಿಯ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿ 2018ರ ಜುಲೈನಲ್ಲಿ ತೆರೆಯಲಾಯಿತು. ಮರುತಿಂಗಳೇ ಭೂಕುಸಿತದಿಂದ ಅದು ಮತ್ತೆ ಮುಚ್ಚಿತು. ಅದೇ ಆಗಸ್ಟಿನಲ್ಲಿ ಕೊಡಗು ಕುಸಿಯಿತು, ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ. 2024ರ ಜುಲೈನಲ್ಲಿ ಸಕಲೇಶಪುರ–ಮಾರನಹಳ್ಳಿ ನಡುವೆ, ಅಗಲೀಕರಣಕ್ಕೆಂದು ಕಡಿದ ಗುಡ್ಡ ಮತ್ತೆ ಮತ್ತೆ ರಸ್ತೆಗೆ ಬಂತು. ಅದೇ ತಿಂಗಳ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು, ಟೀ ಅಂಗಡಿಯವರನ್ನೂ ಅಲ್ಲಿ ನಿಂತಿದ್ದ ವಾಹನದವರನ್ನೂ ಗಂಗಾವಳಿಗೆ ನೂಕಿತು. ಇವೆಲ್ಲಕ್ಕೂ ರಸ್ತೆಯೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಮಳೆಯೂ ಅಂಥದೇ ಬಂದಿತ್ತು. ಆದರೆ ಬುಡ ಕಡಿದ ಗುಡ್ಡ ಮಳೆಗೆ ನಿಲ್ಲುವುದಿಲ್ಲವೆಂಬುದನ್ನು ತಿಳಿಯಲು ಭೂವಿಜ್ಞಾನಿಗಳೇ ಬೇಕಾಗಿಲ್ಲ; ತೋಟಕ್ಕೆ ಧರೆ ಕಡಿಸಿದ ಯಾವ ರೈತನನ್ನಾದರೂ ಕೇಳಿ. ಬ್ರೇಕಿನಿಂದ ಆಗುವ ಸಾವನ್ನು ತಪ್ಪಿಸುತ್ತೇವೆಂದು ಧರೆ ಕುಸಿದು ಆಗುವ ಸಾವನ್ನು ತಂದುಕೊಳ್ಳುವುದು ಯಾವ ಜಾಣತನ?

ಅಷ್ಟಕ್ಕೂ ಅಗಲೀಕರಣದಿಂದ ಬ್ರೇಕು ತಣಿಯುವುದೂ ಇಲ್ಲ. ರಸ್ತೆ ನೇರವಾದಷ್ಟೂ ವೇಗ ಏರುತ್ತದೆ, ಎತ್ತರ ಮಾತ್ರ ಅಷ್ಟೇ ಇರುತ್ತದೆ. ತಮಿಳುನಾಡಿನ ತೊಪ್ಪೂರು ಘಾಟಿಯನ್ನು ನೋಡಿ: ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ಅಗಲವಾದ ರಾಷ್ಟ್ರೀಯ ಹೆದ್ದಾರಿ, ಆಗುಂಬೆಯಂಥ ತಿರುವುಗಳಿಲ್ಲ. ಆದರೂ ಉದ್ದನೆಯ ಇಳಿಜಾರಿನಲ್ಲಿ ಹಿಡಿತ ತಪ್ಪಿದ ಲಾರಿಗಳಿಂದಾಗಿ ಅದು ಕುಖ್ಯಾತ. ಅಗಲವೇ ಮದ್ದಾಗಿದ್ದರೆ ತೊಪ್ಪೂರು ಎಂದೋ ಗುಣವಾಗಬೇಕಿತ್ತು.

ನಮ್ಮ ದೇಶದಲ್ಲಿಯೇ ಇಳಿಜಾರನ್ನು ಗೌರವಿಸುವ ಇಲಾಖೆಯೊಂದಿದೆ: ರೈಲ್ವೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಅಲ್ಲಿ ಬ್ರೇಕು ಪರೀಕ್ಷಿಸದೆ, ವೇಗಕ್ಕೆ ಕಟ್ಟುನಿಟ್ಟಿನ ಮಿತಿಯಿಲ್ಲದೆ ಗಾಡಿ ಇಳಿಯುವಂತಿಲ್ಲ. ಕ್ಯಾಸಲ್‌ರಾಕ್–ಕುಳೇಂ ಘಟ್ಟದಲ್ಲಿ 37ಕ್ಕೆ ಒಂದರಷ್ಟು ಕಡಿದಾದ ಇಳಿಜಾರಿದೆ. ಹಿಡಿತ ತಪ್ಪಿದ ಗಾಡಿಯನ್ನು ಏರುಹಾದಿಗೆ ತಿರುಗಿಸಿ ನಿಲ್ಲಿಸುವ ಹಳಿಗಳಿವೆ. (ಇದರಿಂದ ಆ ಘಟ್ಟದ ಜೋಡಿಹಳಿ ಯೋಜನೆಯನ್ನು ನಾವು ಬೆಂಬಲಿಸಿದೆವೆಂದು ಯಾರೂ ಭಾವಿಸಬಾರದು, ಅದಕ್ಕೆ ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟು 2022ರಲ್ಲಿ ರದ್ದುಪಡಿಸಿದ್ದು ಸರಿಯಾಗಿಯೇ ಇದೆ.) ರೈಲಿನವರು ಗಾಡಿಯನ್ನು ಘಟ್ಟಕ್ಕೆ ಹೊಂದಿಸಿದರು. ರಸ್ತೆಯವರು ಘಟ್ಟವನ್ನು ಗಾಡಿಗೆ ಹೊಂದಿಸಲು ಹೊರಟಿದ್ದಾರೆ.

ರಸ್ತೆಯಲ್ಲಿಯೂ ಇದು ಅಸಾಧ್ಯವೇನಲ್ಲ. ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಶಿಖರಕ್ಕೆ ಹೋಗುವ ರಸ್ತೆಯಿದೆ. ಇಳಿಯುವ ವಾಹನಗಳನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಶಾಖ ಅಳೆಯುವ ಉಪಕರಣವನ್ನು ಚಕ್ರದತ್ತ ಹಿಡಿದು ಬ್ರೇಕಿನ ಬಿಸಿಯನ್ನು ನೋಡುತ್ತಾರೆ. ಮಿತಿ ಮೀರಿದ್ದರೆ ತಣಿಯುವವರೆಗೆ ಕೂರಿಸುತ್ತಾರೆ. ಆ ಉಪಕರಣದ ಬೆಲೆ ಕೆಲವೇ ಸಾವಿರ ರೂಪಾಯಿ. ಕೋವಿಡ್ ಕಾಲದಲ್ಲಿ ನಮ್ಮ ಹಣೆಗೆ ಹಿಡಿದದ್ದೂ ಅದೇ ಜಾತಿಯದು. ದೂರವೇಕೆ, ಮಸಿನಗುಡಿಯಿಂದ ಊಟಿಗೆ ಹೋಗುವ 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿಯಲ್ಲಿ, 2018ರ ಅಕ್ಟೋಬರಿನ ದುರಂತದ ನಂತರ ನೀಲಗಿರಿ ಜಿಲ್ಲಾಡಳಿತವು ಹೊರಗಿನ ವಾಹನಗಳಿಗೆ ನಿರ್ಬಂಧ ಹಾಕಿತು. ಗುಡ್ಡ ಕಡಿಯಲಿಲ್ಲ. ನಿರ್ಬಂಧ ಹೇರುವ ಅಧಿಕಾರ ನಮ್ಮ ಜಿಲ್ಲಾಡಳಿತಗಳಿಗೂ ಇದೆ. ಆಗುಂಬೆಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನ ನಿಲ್ಲಿಸುವಾಗ ಅದನ್ನು ಬಳಸಿದ್ದೂ ಇದೆ.

ಬ್ರೇಕಿನ ಬಗ್ಗೆ ಮಾತನಾಡುವಾಗ ನಮ್ಮ ಹಳ್ಳಗಳನ್ನು ಮರೆಯುವಂತಿಲ್ಲ. ಸವೆದ ಲೈನಿಂಗು ಎಲ್ಲಿಗೆ ಹೋಯಿತು? ಧೂಳಾಗಿ ರಸ್ತೆಗೆ, ಮೊದಲ ಮಳೆಗೆ ಚರಂಡಿಗೆ, ಅಲ್ಲಿಂದ ಕಪ್ಪೆ ಮೀನುಗಳಿರುವ ಝರಿಗೆ. ಪ್ಯಾಡಿನ ತಾಮ್ರ ಜಲಚರಗಳಿಗೆ ವಿಷವೆಂದು ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿಯೇ ಅದನ್ನು ಹಂತಹಂತವಾಗಿ ಇಳಿಸುವ ಕಾನೂನು ತಂದವು. ಯುರೋಪು 2024ರ ತನ್ನ ಯೂರೋ 7 ನಿಯಮದಲ್ಲಿ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ. ನಮ್ಮಲ್ಲಿ ಕಲ್ನಾರಿನ ಬಳಕೆಗೇ ಪೂರ್ಣ ನಿಷೇಧವಿಲ್ಲ. ಹಳೆಯ ಶೂಗಳನ್ನು ಊದಿ ಧೂಳು ಹಾರಿಸುವ ಗ್ಯಾರೇಜಿನ ಹುಡುಗನ ಶ್ವಾಸಕೋಶವೂ ಪರಿಸರವೇ. ಎಂಜಿನ್ನಿನ ಹಿಡಿತದಿಂದ ಇಳಿದ ವಾಹನ ಈ ಧೂಳನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತದೆ. ಇನ್ನು ಕಾದ ಡ್ರಮ್ಮಿಗೆ ಝರಿಯ ನೀರು ಸುರಿಯುವವರಿಗೆ ಒಂದೇ ಮಾತು: ಎರಕದ ಕಬ್ಬಿಣ ಹಾಗೆ ತಣಿಸಿದರೆ ಸೀಳುತ್ತದೆ. ಸುಮ್ಮನೆ ನಿಲ್ಲಿಸಿ, ಅರ್ಧ ಗಂಟೆ ಕಾಡು ನೋಡಿ. ಅದಕ್ಕೆಂದೇ ಅಲ್ಲವೆ ಬಂದದ್ದು?

ಕೊಟ್ಟಿಗೆಹಾರದಂಥ ಕಡೆ ಘಟ್ಟದ ತಲೆಯಲ್ಲಿ ಈಗಾಗಲೇ ತಪಾಸಣಾ ಗೇಟುಗಳಿವೆ. ಮರ, ಮದ್ಯ ನೋಡಲು ನಿಲ್ಲಿಸುವ ವಾಹನವನ್ನು ಬ್ರೇಕು ನೋಡಲು ಇನ್ನೈದು ನಿಮಿಷ ನಿಲ್ಲಿಸಲಾಗದೆ? ಪಕ್ಕದಲ್ಲೊಂದು ವೇಬ್ರಿಜ್ಜು, ಏರ್ ಟ್ಯಾಂಕಿನ ನೀರು ಹೊರಬಿಡಲು, ಸ್ಲ್ಯಾಕ್ ಅಡ್ಜಸ್ಟರ್ ನೋಡಲು ಒಂದಿಷ್ಟು ಜಾಗ, ಯಾವ ಗೇರಿನಲ್ಲಿ ಇಳಿಯಬೇಕೆಂದು ಕನ್ನಡದಲ್ಲಿ ದೊಡ್ಡ ಫಲಕ, ಅರ್ಧ ದಾರಿಯಲ್ಲಿ ಈಗಿರುವ ಅಗಲದೊಳಗೇ ತಣಿಯಲು ನಿಲ್ದಾಣ. ಇದಕ್ಕೆ ಒಂದು ಮರವನ್ನೂ ಕಡಿಯಬೇಕಿಲ್ಲ. ಟೆಂಡರು ಸಣ್ಣದು; ಬಹುಶಃ ಅದೇ ಇದರ ದೋಷ. ಎಂಟು ವರ್ಷದವರೆಗಿನ ವಾಣಿಜ್ಯ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕೆಂಬ ನಿಯಮವಿದೆ. ಆ ತಪಾಸಣೆಯಲ್ಲಿ ಬ್ರೇಕನ್ನು ಭಾರ ಹೇರಿ, ಬಿಸಿ ಮಾಡಿ ನೋಡುವ ಪದ್ಧತಿ ಬಂದರೆ ಘಟ್ಟಕ್ಕೆ ತಕ್ಕ ವಾಹನ ಯಾವುದೆಂದು ತಿಳಿದೀತು.

ಅಲ್ಲಿಯವರೆಗೆ ಘಟ್ಟದ ಊರುಗಳ ಗೆಳೆಯರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ಬಾರಿ ನಿಮ್ಮೂರ ತಿರುವಿನಲ್ಲಿ ವಾಹನ ಉರುಳಿ, ಅಗಲೀಕರಣದ ಹೇಳಿಕೆಯೊಡನೆ ಯಾರಾದರೂ ಬಂದರೆ, ಮೊದಲು ಮೂರು ಕಾಗದಗಳನ್ನು ಕೇಳಿ: ಆ ವಾಹನದ ತೂಕದ ಚೀಟಿ, ಎಫ್.ಸಿ. ಪತ್ರ, ಬ್ರೇಕಿನ ಲೈನಿಂಗು ಮತ್ತು ಆಯಿಲ್ ಕೊನೆಯದಾಗಿ ಬದಲಿಸಿದ ದಿನಾಂಕ. ಬಾಯಿಮಾತಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿಯನ್ನು ಸಾರಿಗೆ ಕಚೇರಿಗೂ ಠಾಣೆಗೂ ಹಾಕಿ. ಬಂದ ಉತ್ತರಗಳನ್ನು ನಮಗೆ ಕಳುಹಿಸಿ. ಘಾಟಿವಾರು ಪಟ್ಟಿ ಮಾಡಿ, ರಸ್ತೆ ಅಗಲೀಕರಣದ ಮುಂದಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ಮೇಜಿನ ಮೇಲಿಡೋಣ.